ತಾಮ್ರ ಸೇರುವ ಜಾಗದಲ್ಲೇ ತೂತಾಗುತ್ತಿದ್ದ ಜಿಐ ಪೈಪು: ನನ್ನ ಅನುಭವ

ನಮ್ಮ ತಾರಸಿಯ ಸೋಲಾರ್ ಹೀಟರಿಗೆ ತಣ್ಣೀರು ಒಯ್ಯುವ ಜಿಐ (ಸತುವಿನ ಲೇಪವಿರುವ ಕಬ್ಬಿಣದ) ಪೈಪು ಎರಡು ವರ್ಷಗಳಲ್ಲಿ ಎರಡು ಬಾರಿ ಸೋರಿತು. ಎರಡೂ ಸಲ ತೂತು ಬಿದ್ದದ್ದು ಅದು ತಾಮ್ರದ ಕೊಳವೆಗೆ ಸೇರುವ ಜಾಗದಲ್ಲೇ. ಬಿಚ್ಚಿ ನೋಡಿದಾಗ ಥ್ರೆಡ್ಡಿನ ಸುತ್ತ ಸತುವಿನ ಬಿಳಿ ಪುಡಿ, ಅದರಡಿ ಕೆಂಪು ತುಕ್ಕು. ತಾಮ್ರಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಸತುವಿನ ಪ್ರಮಾಣಿತ ವಿಭವ (ಇದು ಕಡಿಮೆಯಿದ್ದಷ್ಟೂ ಲೋಹ ಸುಲಭವಾಗಿ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ) −0.76 ವೋಲ್ಟ್, ಕಬ್ಬಿಣದ್ದು −0.44, ತಾಮ್ರದ್ದು +0.34 ಆಗಿರುವುದರಿಂದ, ಲವಣ ಹೆಚ್ಚಿರುವ ಬೋರ್‌ವೆಲ್ ನೀರಿನಲ್ಲಿ ಇವು ಪರಸ್ಪರ ತಾಗಿಕೊಂಡಿದ್ದರೆ ಮೊದಲು ಸತುವು, ಅದು ಮುಗಿದ ಮೇಲೆ ಕಬ್ಬಿಣ, ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕರಗುತ್ತವೆ.

ಆದ್ದರಿಂದ ಹಾಳಾದ ತುಂಡನ್ನು ಕತ್ತರಿಸಿ, ಎರಡು ಲೋಹಗಳ ನಡುವೆ ಒಂದಡಿ ಉದ್ದದ ಸಿಪಿವಿಸಿ (ವಿದ್ಯುತ್ ಹರಿಯಲು ಬಿಡದ ಪ್ಲಾಸ್ಟಿಕ್) ಪೈಪು ಹಾಕಿಸಿದೆ. ಅವೆರಡೂ ಒಂದೇ ಕಬ್ಬಿಣದ ಸ್ಟ್ಯಾಂಡಿಗೆ ತಾಗಿದರೆ ವಿದ್ಯುತ್ ಮಂಡಲ ಮತ್ತೆ ಪೂರ್ಣವಾಗುತ್ತದೆ. ಅದಕ್ಕಾಗಿ ಕ್ಲಾಂಪಿನಡಿ ರಬ್ಬರನ್ನೂ ಇರಿಸಿದೆ. ಮೂರು ಮಳೆಗಾಲ ಕಳೆದರೂ ಆ ಜೋಡಣೆಯಲ್ಲಿ ಒಂದು ಹನಿಯೂ ಸೋರಿಲ್ಲ.