ಕಲ್ಲುಕೋರೆಗೆ ಸಾಲ ಮಾಡುವ ಮುನ್ನ ಈ ಲೆಕ್ಕ ಹಾಕಿ

ಕಾರ್ಕಳ, ಮೂಡುಬಿದಿರೆ ಕಡೆ ಕಲ್ಲುಕೋರೆ ಶುರು ಮಾಡುವವರ ಲೆಕ್ಕಪತ್ರ ನೋಡಿಕೊಡುವುದು ನನ್ನ ಕೆಲಸ. ಕಲ್ಲು ಚೆನ್ನಾಗಿಲ್ಲದೆ ಕೈಸುಟ್ಟುಕೊಂಡವರು ಕಡಿಮೆ. ಕೈಗೆ ಸಿಗದ ಕಲ್ಲನ್ನು ಲೆಕ್ಕಕ್ಕೆ ಹಿಡಿದು, ಅದರ ಮೇಲೆ ಸಾಲ ಎತ್ತಿದವರೇ ಜಾಸ್ತಿ. ಯಂತ್ರಕ್ಕೆ ಅಡ್ವಾನ್ಸ್ ಕೊಡುವ ಮೊದಲು ಹೀಗೆ ಮಾಡಿ.

ಮೊದಲು ನಾಲ್ಕೈದು ಕಡೆ ಬೋರ್ ಹೊಡೆಸಿ. ನಮ್ಮಲ್ಲಿ ಮೇಲೆ ಮುರಕಲ್ಲು, ಅದರಡಿ ಜೇಡಿಮಣ್ಣು, ಆಮೇಲೆ ಗಟ್ಟಿ ಬಂಡೆ. ಒಂದೇ ಜಾಗದ ಎರಡು ಮೂಲೆಯಲ್ಲಿ ಆಳ ಬೇರೆ ಇರುತ್ತದೆ. ಮೊಬೈಲ್ ನಕ್ಷೆ ನೋಡಿ ಆಳ ಬರೆದುಕೊಡುವವರಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಎರಡನೆಯದು, ತೆಗೆಯಲು ಸಿಗುವ ಕಲ್ಲೆಷ್ಟು ಎಂಬ ಲೆಕ್ಕ. ಹೆಚ್ಚಿನವರು ಎಡವುವುದು ಇಲ್ಲೇ. ಜಾಗ 65 ಮೀಟರ್ ಚೌಕ ಅಂತಿಟ್ಟುಕೊಳ್ಳಿ, ಎಕರೆಗಿಂತ ತುಸು ಜಾಸ್ತಿ. ಬಂಡೆಯಲ್ಲಿ 18 ಮೀಟರ್ ಆಳಕ್ಕೆ ಇಳಿಯಬೇಕು. ಗುಣಿಸಿದರೆ 76,050 ಘನ ಮೀಟರ್. ಘನ ಮೀಟರಿಗೆ 2.7 ಟನ್ ಹಿಡಿದರೆ ಎರಡು ಲಕ್ಷ ಟನ್ ದಾಟುತ್ತದೆ. ಸಾಲದ ಅರ್ಜಿಯಲ್ಲಿ ಈ ಅಂಕಿಯೇ ಬಂದು ಕೂರುತ್ತದೆ.

ಈಗ ಗಡಿಯಿಂದ ಸುತ್ತಲೂ 7.5 ಮೀಟರ್ ಬಿಡಿ. ಉಳಿಯುವುದು 50 ಮೀಟರ್ ಚೌಕ. ನೇರ ಗೋಡೆಯ ಹಾಗೆ ಕಡಿದುಕೊಂಡು ಹೋಗುವಂತಿಲ್ಲ. ಅದು ಕುಸಿದರೆ ಕೆಳಗಿದ್ದವರು ಉಳಿಯುವುದಿಲ್ಲ. ಮೆಟ್ಟಿಲು ಬಿಡಲೇಬೇಕು. 6 ಮೀಟರ್ ಎತ್ತರಕ್ಕೆ 6 ಮೀಟರ್ ಅಗಲದ ಮೆಟ್ಟಿಲು ಬಿಟ್ಟರೆ ಮೊದಲ ಹಂತ 50, ಎರಡನೆಯದು 38, ಮೂರನೆಯದು 26 ಮೀಟರ್ ಚೌಕ. ಎಲ್ಲ ಸೇರಿ 27,720 ಘನ ಮೀಟರ್, ಅಂದರೆ ಸುಮಾರು 75 ಸಾವಿರ ಟನ್. ಎರಡು ಲಕ್ಷ ಎಲ್ಲಿ, ಇದೆಲ್ಲಿ! ಟಿಪ್ಪರ್ ಇಳಿಯುವ ದಾರಿ, ಬಿರುಕುಬಿಟ್ಟ ಕಲ್ಲು ಕಳೆದರೆ ಇನ್ನೂ ಕಡಿಮೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಮೂರನೇ ಹಂತದಲ್ಲಿ ಸಿಗುವುದು 11 ಸಾವಿರ ಟನ್ ಮಾತ್ರ. ಆದರೆ ನೀರೆತ್ತುವ ಪಂಪು, ಏರು ದಾರಿಯ ಡೀಸೆಲ್ ಎಲ್ಲ ಅಲ್ಲೇ ಜಾಸ್ತಿ. ಪ್ರತಿ ಹಂತದ ಖರ್ಚನ್ನು ಬೇರೆಬೇರೆ ಬರೆಯಿರಿ. ಟನ್ನಿನ ಖರ್ಚು ಮಾರಾಟದ ದರ ಮೀರಿದರೆ ಎರಡನೇ ಹಂತಕ್ಕೇ ಕೆಲಸ ಮುಗಿಸಿ. ಸರಾಸರಿ ಹಾಕಿದರೆ ಮೇಲಿನ ಲಾಭದಲ್ಲಿ ಕೆಳಗಿನ ನಷ್ಟ ಮುಚ್ಚಿಹೋಗುತ್ತದೆ. ದೊಡ್ಡ ಗಣಿಗಳಲ್ಲಿ ಗುಂಡಿ ಎಲ್ಲಿಗೆ ನಿಲ್ಲಬೇಕು ಅಂತ ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಲರ್ಚ್ಸ್ ಮತ್ತು ಗ್ರಾಸ್‌ಮನ್ ಎಂಬಿಬ್ಬರು ಇದಕ್ಕೆಂದೇ 1965ರಲ್ಲಿ ಕೊಟ್ಟ ವಿಧಾನ ಇವತ್ತಿಗೂ ಬಳಕೆಯಲ್ಲಿದೆ.

ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಂಡಿಯಲ್ಲಿ ನೀರು, ಬ್ಯಾಂಕಿನ ಕಂತು ಮಾತ್ರ ಹನ್ನೆರಡು ತಿಂಗಳೂ ಇದೆ. ನಾಲ್ಕು ಕಂತಿನ ಹಣ ಮೇ ಒಳಗೆ ಬದಿಗಿಡಿ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ರೆಡಿಮೇಡ್ ಲೆಕ್ಕದ ಹಾಳೆಯಲ್ಲಿ ವರ್ಷಕ್ಕೆ 330 ದಿನ ಕೆಲಸ ಅಂತಿದ್ದರೆ ಅದು ಕರಾವಳಿಯದ್ದಲ್ಲ, ಅಳಿಸಿಬಿಡಿ.

ಆಮೇಲೆ ಮೂರು ಕಾಲಂ ಹಾಕಿ. ಒಂದರಲ್ಲಿ ಇವತ್ತಿನ ಜಲ್ಲಿ ದರ, ಇನ್ನೊಂದರಲ್ಲಿ ಶೇ 20 ಕಡಿಮೆ, ಮೂರನೆಯದರಲ್ಲಿ ಅದೇ ಕಡಿಮೆ ದರದ ಜೊತೆಗೆ ಗುತ್ತಿಗೆದಾರರು ದುಡ್ಡು ಮೂರು ತಿಂಗಳು ತಡ ಮಾಡಿದರೆ ಏನಾಗುತ್ತದೆ ಅಂತ. ಮೂರನೇ ಕಾಲಂನಲ್ಲೂ ಕಂತು ಕಟ್ಟಲು ಆಗಬೇಕು. ಆಗದಿದ್ದರೆ ದರ ಏರಿಸಿ ಬರೆಯಬೇಡಿ, ಸಾಲ ಇಳಿಸಿ.

ಸಾಲ ಇಳಿಸುವ ಸುಲಭ ದಾರಿ ಹಿಟಾಚಿ. ಮೊದಲ ವರ್ಷ ಬಾಡಿಗೆಗೇ ತನ್ನಿ, ಗಂಟೆಯ ಲೆಕ್ಕ ದುಬಾರಿ ಅನಿಸಿದರೂ ಸರಿ. ಮಣ್ಣು ತೆಳು ಇರುವ ಮೂಲೆಯಲ್ಲಿ ಸಣ್ಣದಾಗಿ ಶುರು ಮಾಡಿ. ಇಡೀ ಜಾಗದ ಮಣ್ಣು ಒಂದೇ ಸಲ ಎತ್ತಿಸಿದರೆ, ಒಂದು ಲೋಡು ಜಲ್ಲಿ ಮಾರುವ ಮೊದಲೇ ಕೈ ಖಾಲಿ.

ಕೊನೆಗೆ ಅನುಮತಿ. ಗುಂಡಿಯಲ್ಲಿ ಕಲ್ಲಿದೆ ಅಂದ ಮಾತ್ರಕ್ಕೆ ತೆಗೆಯಲು ಬಿಡುತ್ತಾರೆ ಅಂತಲ್ಲ. ಸುಪ್ರೀಂ ಕೋರ್ಟ್ ಆದೇಶದಂತೆ ಕುದುರೆಮುಖದ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತಾಗ ಗುಡ್ಡದಲ್ಲಿ ಇನ್ನೂ ಅದಿರಿತ್ತು. ಅದೇ ಕಂಪನಿಯ ಪಣಂಬೂರಿನ ಪೆಲೆಟ್ (ಅದಿರಿನ ಪುಡಿಯ ಉಂಡೆ) ಕಾರ್ಖಾನೆ ಹೊರಗಿನಿಂದ ಅದಿರು ತರಿಸಬೇಕಾಯಿತು. ಸರ್ಕಾರಿ ಕಂಪನಿ ಅದನ್ನು ತಡೆದುಕೊಂಡಿತು, ಮನೆ ಅಡವಿಟ್ಟವರಿಗೆ ಅಷ್ಟು ಶಕ್ತಿ ಎಲ್ಲಿದೆ? ಲೀಸ್ ಮುಗಿಯುವ ಒಂದು ವರ್ಷ ಮೊದಲೇ ಸಾಲ ತೀರುವ ಹಾಗೆ ಕಂತು ಹಾಕಿಸಿಕೊಳ್ಳಿ. ಬ್ಯಾಂಕಿನವರು ಇನ್ನೂ ಉದ್ದದ ಅವಧಿ ಕೊಡ್ತೇವೆ ಅಂದರೂ ಬೇಡ ಅನ್ನಿ.