ಹುಣಸೆ ಬೀಜದ ಅಂಟು, ಡೈಕ್ಲೋಫೆನಾಕ್ ಮಣಿ

ಡೈಕ್ಲೋಫೆನಾಕ್ ನೋವನ್ನು ಬೇಗ ಇಳಿಸುತ್ತದೆ. ಆದರೆ ರಕ್ತದಲ್ಲಿ ಅದರ ಅರ್ಧಾಯುಷ್ಯ (ಪ್ರಮಾಣ ಅರ್ಧಕ್ಕಿಳಿಯಲು ಹಿಡಿಯುವ ಸಮಯ) ಹೆಚ್ಚುಕಮ್ಮಿ 2 ಗಂಟೆ ಅಷ್ಟೇ. ಹಾಗಾಗಿ ಸಾಮಾನ್ಯ ಮಾತ್ರೆಯಾದರೆ ದಿನಕ್ಕೆ ಎರಡು ಮೂರು ಸಲ ನುಂಗಬೇಕು. ಎಂ.ಫಾರ್ಮ ಪ್ರಾಜೆಕ್ಟ್‌ಗೆ ನಾನು ಹಿಡಿದಿದ್ದು ಇದನ್ನೇ: ಔಷಧಿಯನ್ನು ಪಾಲಿಮರ್ (ಉದ್ದ ಸರಪಳಿಯಂಥ ಅಣುಗಳ ವಸ್ತು) ಮಣಿಯೊಳಗೆ ಕೂಡಿಹಾಕಿ, ಸ್ವಲ್ಪ ಸ್ವಲ್ಪವೇ ಹೊರಗೆ ಬಿಡಿಸುವುದು.

ಈ ಕೆಲಸಕ್ಕೆ ಪಿಎಲ್‌ಜಿಎ ಅನ್ನೋ ಕೃತಕ ಪಾಲಿಮರ್ ಹೆಸರುವಾಸಿ. ಮೈಯೊಳಗೆ ಅದು ಲ್ಯಾಕ್ಟಿಕ್ ಆಸಿಡ್, ಗ್ಲೈಕೋಲಿಕ್ ಆಸಿಡ್ ಆಗಿ ಒಡೆದುಹೋಗುತ್ತದೆ. ಬೆಲೆ ಮಾತ್ರ ವಿದ್ಯಾರ್ಥಿಗಳ ಕೈಗೆಟುಕುವಂಥದ್ದಲ್ಲ. ತುಮಕೂರಲ್ಲಿದ್ದುಕೊಂಡು ಹುಣಸೆ ಬೀಜ ಬಿಟ್ಟು ಬೇರೇನು ಹುಡುಕೋದು, ಅಲ್ವಾ? ಸೀಸನ್‌ನಲ್ಲಿ ಎಪಿಎಂಸಿ ತುಂಬ ಹುಣಸೆಹಣ್ಣೇ. ಕಂಬಳಿ ನೇಯುವವರು ನೂಲಿಗೆ ಹಚ್ಚುವ ಗಂಜಿಯೂ ಈ ಬೀಜದ್ದೇ. ಆ ಅಂಟಿಗೆ ಕಾರಣ ಕ್ಸೈಲೋಗ್ಲುಕಾನ್ ಅನ್ನೋ ಪಾಲಿಮರ್. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಒಡೆಯುತ್ತವೆ.

ಬೀಜ ಹುರಿದು, ಕಂದು ಸಿಪ್ಪೆ ಬಿಡಿಸಿ, ಒಳಗಿನ ಬಿಳಿ ಬೇಳೆಯನ್ನು ಪುಡಿ ಮಾಡಿಕೊಂಡೆ. ಪುಡಿಯನ್ನು ಮೊದಲು ತಣ್ಣೀರಲ್ಲೇ ಕಲಸಬೇಕು. ನೇರ ಬಿಸಿನೀರಿಗೆ ಹಾಕಿದರೆ ಗಂಟು ಗ್ಯಾರಂಟಿ. ಆಮೇಲೆ ಕುದಿಯುವ ನೀರಿಗೆ ಸುರಿದು 20 ನಿಮಿಷ ಕೈಯಾಡಿಸಿದೆ. ರಾತ್ರಿಯಿಡೀ ಬಿಟ್ಟರೆ ನಾರು, ಪ್ರೋಟೀನ್ ತಳ ಸೇರುತ್ತವೆ. ಮೇಲಿನ ತಿಳಿಗೆ ಅದರ ಎರಡರಷ್ಟು ಆಲ್ಕೋಹಾಲ್ ಸುರಿದ ಕೂಡಲೇ ಅಂಟು ಬಿಳಿ ಎಳೆ ಎಳೆಯಾಗಿ ಬೇರೆಯಾಯಿತು. ಗಾಜಿನ ಕಡ್ಡಿಗೆ ಸುತ್ತಿಯೇ ಎತ್ತಬಹುದು! ಒಣಗಿಸುವಾಗ ಬಿಸಿ 50 ಡಿಗ್ರಿ ದಾಟಲು ಬಿಡಲಿಲ್ಲ.

ಈ ಅಂಟು ತಾನೊಂದೇ ಕ್ಯಾಲ್ಸಿಯಂಗೆ ಗಟ್ಟಿಯಾಗುವುದಿಲ್ಲ. ಜೊತೆಗೆ ಕಂದು ಕಡಲಪಾಚಿಯಿಂದ ಸಿಗುವ ಸೋಡಿಯಂ ಆಲ್ಜಿನೇಟ್ ಬೇಕು. ಆಲ್ಜಿನೇಟ್ 2%, ಅಂಟು 1% ಇಟ್ಟು, ಔಷಧಿ ಬೆರೆಸಿ, ಸಿರಿಂಜ್‌ನಿಂದ 5% ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಹನಿ ಹನಿಯಾಗಿ ಬಿಟ್ಟೆ. ಹನಿ ಬಿದ್ದಲ್ಲೇ ಮಣಿ. ಸೂಜಿ ತೀರಾ ಹತ್ತಿರವಿದ್ದರೆ ಮಣಿಗೆ ಬಾಲ ಬರುತ್ತದೆ, ತೀರಾ ಮೇಲಿದ್ದರೆ ಚಪ್ಪಟೆ. 15 ನಿಮಿಷಕ್ಕೆ ಸೋಸಿ ತೆಗೆದುಬಿಡುತ್ತಿದ್ದೆ. ಜಾಸ್ತಿ ಹೊತ್ತು ಬಿಟ್ಟರೆ ಒಳಗಿನ ಔಷಧಿಯೇ ನೀರಿಗೆ ಇಳಿಯುತ್ತದೆ.

ಪರೀಕ್ಷೆ 37 ಡಿಗ್ರಿಯಲ್ಲಿ. ಮೊದಲ 2 ಗಂಟೆ ಹೊಟ್ಟೆಯ ಹುಳಿಯಂತೆ 1.2 ಪಿಎಚ್. ಅಲ್ಲಿ ಔಷಧಿ ಬಹುತೇಕ ಬರಲೇ ಇಲ್ಲ. ಅದನ್ನು ಮಣಿಯ ಗೆಲುವು ಅಂತ ಬರೆಯಬೇಡಿ. ಡೈಕ್ಲೋಫೆನಾಕ್ ಹುಳಿಯಲ್ಲಿ ಕರಗುವುದೇ ಕಡಿಮೆ. ನಿಜವಾದ ಪರೀಕ್ಷೆ ಸಣ್ಣ ಕರುಳಿನಂತೆ 6.8 ಪಿಎಚ್‌ನ ಫಾಸ್ಫೇಟ್ ಬಫರ್‌ನಲ್ಲಿ, ಅಂದರೆ ಪಿಎಚ್ ಬದಲಾಗದಂತೆ ಕಾಯುವ ದ್ರಾವಣದಲ್ಲಿ. ಫಾಸ್ಫೇಟ್ ಕ್ಯಾಲ್ಸಿಯಂ ಅನ್ನು ಎಳೆದುಕೊಂಡಿತು, ಬರೀ ಆಲ್ಜಿನೇಟ್ ಮಣಿ ಊದಿ ಕರಗಿಯೇ ಹೋಯಿತು. ಅಂಟು ಬೆರೆಸಿದ್ದು ಲೋಳೆಯಾಗಿ ಊದಿದರೂ ತುಂಬಾ ಹೊತ್ತು ತಡೆಯಿತು. ಬಫರ್ ಮಬ್ಬಾಗುವುದರಿಂದ, 276 ನ್ಯಾನೋಮೀಟರ್‌ನ ಬೆಳಕು ಹಾಯಿಸಿ ಔಷಧಿ ಎಷ್ಟಿದೆ ಅಂತ ಅಳೆಯುವ ಮೊದಲು ಪ್ರತಿ ಸ್ಯಾಂಪಲ್ ಸೋಸಲೇಬೇಕು.

ತಲೆನೋವು ಬೀಜದ್ದೇ. ಒಂದು ಮೂಟೆಯ ಅಂಟು ಇನ್ನೊಂದರಷ್ಟು ದಪ್ಪ ಇರುವುದಿಲ್ಲ. ಈಗ ಹೊಸ ಮೂಟೆ ಬಂದಾಗಲೆಲ್ಲ ಮೊದಲು 1% ದ್ರಾವಣ ಮಾಡಿ ದಪ್ಪ ಅಳೆಯುವ ವಿಸ್ಕೋಮೀಟರ್‌ಗೆ ಹಾಕುತ್ತೇನೆ, ಆಮೇಲೇ ಸಿರಿಂಜ್ ಮುಟ್ಟೋದು.