ಮಗ ಬಣ್ಣದ ಮಾತಿಗೆ ಮರುಳಾದಾಗ ಹೆತ್ತವರು ಏನು ಮಾಡಬಹುದು

ನಾನು ಸಾಗರದಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ಮಗನಿಗೆ 23 ವರ್ಷವಾಗಿದ್ದಾಗ, ಬೆಂಗಳೂರಿನ ಪಿಜಿಯಲ್ಲಿದ್ದ ಅವನನ್ನು ಕಾಲೇಜಿನ ಹಿರಿಯನೊಬ್ಬ ಚೈನ್ ವ್ಯಾಪಾರಕ್ಕೆ, ಅಂದರೆ ಹಣ ಕಟ್ಟಿ ಸೇರಿ, ಮತ್ತೆ ಬೇರೆಯವರನ್ನು ಸೇರಿಸುತ್ತಾ ಹೋದರೆ ದುಡ್ಡು ಬರುತ್ತದೆ ಎನ್ನುವ ವ್ಯಾಪಾರಕ್ಕೆ ಸೇರಿಸಿದ. ಅದರಿಂದ ಹೊರಬರಲು ಅವನಿಗೆ ಎಂಟು ತಿಂಗಳು ಹಿಡಿಯಿತು. ಇಂಥದೇ ಸಂಕಟದಲ್ಲಿರುವ ತಂದೆತಾಯಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹಣ ಹೋಗುವ ಮೊದಲೇ ಮಾತು ಬದಲಾಗುತ್ತದೆ, ಅದನ್ನು ಗಮನಿಸಿ. ಮಗ ಆ ಹಿರಿಯನ ಹೆಸರಿನಲ್ಲಿ ಎರಡು ಮಾತಿಗೊಮ್ಮೆ “ಅಣ್ಣ ಹೇಳಿದರು” ಎನ್ನತೊಡಗಿದ. ಹಳೆಯ ಗೆಳೆಯರೆಲ್ಲ “ಸಣ್ಣ ಯೋಚನೆಯವರು” ಆದರು. ಭಾನುವಾರಗಳೆಲ್ಲ ಸಭೆಗೆ ಹೋದವು. ಇವತ್ತೇ ಹಣ ಕಟ್ಟಬೇಕೆಂಬ ಅವಸರ, ಮನೆಯಲ್ಲಿ ಈಗಲೇ ಹೇಳಬೇಡವೆಂಬ ಗುಟ್ಟು, ತನ್ನವರಿಂದ ದೂರ ಸರಿಯುವುದು, ಈ ಮೂರೂ ಒಟ್ಟಿಗೆ ಕಂಡರೆ ಎಚ್ಚರವಾಗಿರಿ.

ಆ ಹಿರಿಯನನ್ನು ಬೈಯಬೇಡಿ. ನಾನು ಫೋನಿನಲ್ಲಿ ಬಾಯಿಗೆ ಬಂದಂತೆ ಬೈದೆ. “ಮನೆಯವರು ಖಂಡಿತ ವಿರೋಧಿಸುತ್ತಾರೆ, ದೊಡ್ಡದನ್ನು ಮಾಡಹೊರಟವರಿಗೆಲ್ಲ ಹೀಗೇ ಆಗುತ್ತದೆ” ಎಂದು ಆತ ಮೊದಲೇ ಹೇಳಿಟ್ಟಿದ್ದನಂತೆ. ನಾನು ಬೈದಷ್ಟೂ ಅವನ ಭವಿಷ್ಯವಾಣಿ ನಿಜವಾಯಿತು. ಆಮೇಲೆ ಇನ್ನೂ ದೊಡ್ಡ ತಪ್ಪು ಮಾಡಿದೆ. ಹೇಳದೆ ಕೇಳದೆ ರಾತ್ರಿ ಬಸ್ಸು ಹತ್ತಿ ಅವರ ಸಭಾಂಗಣದ ಬಾಗಿಲಲ್ಲಿ ನಿಂತೆ. ಮಗ ಎಲ್ಲರೆದುರು ತಲೆ ತಗ್ಗಿಸಿದ. ಐದು ವಾರ ನನ್ನೊಂದಿಗೆ ಮಾತು ಬಿಟ್ಟ. ಆ ಐದು ವಾರ ಅವನ ಪಕ್ಕದಲ್ಲಿದ್ದದ್ದು ಅದೇ ಹಿರಿಯ.

ವಾದಿಸುವ ಬದಲು ಲೆಕ್ಕ ಕೇಳಿ. ದೀಪಾವಳಿಗೆ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ಹಾಳೆಯೊಂದನ್ನು ಇಟ್ಟು, “ಒಬ್ಬೊಬ್ಬರು ಆರು ಜನರನ್ನು ಸೇರಿಸಬೇಕಲ್ಲ, ನೀನೇ ಗುಣಿಸು” ಎಂದೆ. 6, 36, 216, 1,296... ಹತ್ತನೇ ಸುತ್ತಿಗೆ 6,04,66,176. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಸುಮಾರು 6.11 ಕೋಟಿ. ಪೆನ್ನು ನಿಂತಿತು. “ಅಮ್ಮಾ, ಎಲ್ಲರೂ ಸೇರುವುದಿಲ್ಲವಲ್ಲ” ಎಂದ. ಉತ್ತರ ಅದೇ ಆಗಿತ್ತು, ಆದರೆ ಬಾಯಿ ಬಿಡದೆ ಚಕ್ಕುಲಿ ಒತ್ತುತ್ತಾ ನಿಂತೆ. ಹಾಳೆ ಮಡಚಿ ಜೇಬಿಗಿಟ್ಟುಕೊಂಡ. ಮರುದಿನ ಮತ್ತೆ ಸಭೆಗೆಂದು ಹೊರಟುಹೋದ.

ಕಾನೂನನ್ನೂ ತಿಳಿದಿರಿ. ಜನರನ್ನು ಸೇರಿಸಿದ್ದಕ್ಕೆ ಹಣ ಕೊಡುವ ಸರಪಳಿ ಯೋಜನೆಗಳನ್ನು 1978ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. 2021ರ ನೇರ ಮಾರಾಟ ನಿಯಮಗಳೂ ಇಂಥ ಪಿರಮಿಡ್ ಯೋಜನೆಗಳಿಗೆ ಅವಕಾಶ ಕೊಡುವುದಿಲ್ಲ. ರಸೀದಿ, ಬ್ಯಾಂಕ್ ವಿವರ, ಸಂದೇಶಗಳನ್ನು ಅಳಿಸಬಾರದೆಂದು ಮಕ್ಕಳಿಗೆ ಹೇಳಿ. ಆನ್‌ಲೈನಿನಲ್ಲಿ ವಂಚನೆಯಾಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಿಮಗೇ ನಿದ್ದೆ ಹತ್ತದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ನಾನು ಕರೆ ಮಾಡಿದ್ದೆ, ಅದರಲ್ಲಿ ನಾಚಿಕೆಯೇನೂ ಇಲ್ಲ.

ಹಣದ ವಿಷಯದಲ್ಲಿ ಗಟ್ಟಿಯಾಗಿರಿ. ಮೊದಲ ಸಲ 40,000 ರೂಪಾಯಿ ಕೊಟ್ಟೆ. ಎರಡನೇ ಸಲ, “ಈ ವ್ಯಾಪಾರಕ್ಕೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಬಾಡಿಗೆ ಕಷ್ಟವಾದರೆ ಪಿಜಿಯವರಿಗೇ ಕಟ್ಟುತ್ತೇನೆ. ಮನೆಗೆ ಯಾವಾಗ ಬೇಕಾದರೂ ಬಾ” ಎಂದೆ. ಬಂಗಾರ ಅಡವಿಡಬೇಡಿ, ಸಾಲಕ್ಕೆ ಜಾಮೀನು ಹಾಕಬೇಡಿ. ನೆಂಟರಿಷ್ಟರ ಫೋನ್ ನಂಬರುಗಳ ಪಟ್ಟಿಯನ್ನಂತೂ ಕೊಡಲೇಬೇಡಿ.

ಇಷ್ಟೆಲ್ಲ ಮಾಡಿದರೂ ಅವರು ಬಿಡದಿರಬಹುದು. ಹದಿನೆಂಟು ದಾಟಿದವರ ನಿರ್ಧಾರ ಅವರದೇ. ಇದನ್ನು ಒಪ್ಪಿಕೊಳ್ಳುವಾಗ ನನ್ನ ಹೊಟ್ಟೆ ಉರಿದುಹೋಯಿತು. ಕೊನೆಗೆ ನನ್ನ ಕೈಯಲ್ಲಿ ಉಳಿದದ್ದು ಬುಧವಾರ ರಾತ್ರಿ ಒಂಬತ್ತರ ಫೋನು ಮಾತ್ರ. ಅದರಲ್ಲಿ ವ್ಯಾಪಾರದ ಸುದ್ದಿ ಎತ್ತುತ್ತಿರಲಿಲ್ಲ. ಮಳೆ, ಅಜ್ಜಿಯ ಮಂಡಿನೋವು, ಹಸು ಕರು ಹಾಕಿದ್ದು ಇಷ್ಟೇ ಮಾತಾಡುತ್ತಿದ್ದೆವು.

ಅವನನ್ನು ಹೊರತಂದದ್ದು ನಾನಲ್ಲ. ತಂಗಿಯ ಮದುವೆಗೆಂದು ದುಡ್ಡು ಕೂಡಿಡುತ್ತಿದ್ದ ಬಾಲ್ಯದ ಗೆಳೆಯನನ್ನು ಸೇರಿಸು ಎಂದು ಆ ಹಿರಿಯ ಒತ್ತಾಯಿಸಿದನಂತೆ. ಮಗ ಗೆಳೆಯನ ಮನೆಯವರೆಗೂ ಹೋಗಿ, ಚಹಾ ಕುಡಿದು, ಏನೂ ಹೇಳಲಾಗದೆ ಎದ್ದು ಬಂದನಂತೆ. ನನ್ನ ಲೆಕ್ಕದ ಹಾಳೆ ಎಲ್ಲಿ ಹೋಯಿತೆಂದು ಅವನಿಗೆ ನೆನಪೇ ಇಲ್ಲ.

ಅವರು ಮರಳಿ ಬಂದ ದಿನ, “ನಾನು ಆಗಲೇ ಹೇಳಿರಲಿಲ್ಲವೇ” ಎಂಬ ಮಾತನ್ನು ನುಂಗಿಕೊಳ್ಳಿ. ಆ ವ್ಯಾಪಾರದ, ಮಾರಾಟವಾಗದೆ ಉಳಿದ ಡಬ್ಬಿಗಳ ಎರಡು ಪೆಟ್ಟಿಗೆ ಇನ್ನೂ ನಮ್ಮ ಅಟ್ಟದ ಮೇಲಿವೆ. ಇಬ್ಬರು ಗೆಳೆಯರಿಗೆ ಅವನು ತಿಂಗಳಿಗೆ ಎರಡೆರಡು ಸಾವಿರ ತೀರಿಸುತ್ತಿದ್ದಾನೆ. ಬಾಕಿ ಎಷ್ಟಿದೆ ಎಂದು ನಾನು ಕೇಳುವುದಿಲ್ಲ.